ಏನು ತಡೀತಿದೆ ನೋಡು

ಆಟೋ ಕಾಂಪ್ಲೆಕ್ಸಿನಲ್ಲಿ ಹಗಲೆಲ್ಲ
ಊರವರ ಗಾಡಿಗಳ ವೈರು ತಡವುತ್ತೇನೆ.
ರಾತ್ರಿ ಹತ್ತಕ್ಕೆ ನನ್ನದೊಂದು ಗಾಡಿ:
ಸವಳಂಗ ರಸ್ತೆಯ ಸೈಬರ್ ಕೆಫೆ ಮುಚ್ಚಿದ ದಿನ
ಎರಡು ಕುರ್ಚಿಯ ಜೊತೆ ತೂಕಕ್ಕೆ ಸಿಕ್ಕಿದ್ದು.
ಏಳು ನಂಬರಿನ ಚೀಟಿ ಈಗಲೂ ಅದರ ಹಣೆಯ ಮೇಲೆ.

ಆಟ ಓಡುತ್ತಿತ್ತು. ಓಡುತ್ತಿತ್ತು ಅಂದರೆ
ಸೆಕೆಂಡಿಗೆ ಹದಿನೇಳು ಚಿತ್ರ.
ವೈರಿ ಗೋಡೆಯ ಹಿಂದೆ ಇದ್ದ, ಆಮೇಲೆ ನನ್ನ ಎದುರು ಇದ್ದ,
ನಡುವೆ ನಡೆದು ಬಂದದ್ದನ್ನು ಕಂಡವರಿಲ್ಲ.
ನಾನು ಸತ್ತ ಮೇಲೆ ಗುಂಡಿನ ಸದ್ದು.

ಆರೂವರೆ ಸಾವಿರ ಕೂಡಿಟ್ಟೆ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ;
ನಾನು ಮೊಣಕಾಲು ಮಡಚಿ ಮಲಗಿಯೇ ರೂಢಿಯಾದವನು.
ನೆಹರೂ ರಸ್ತೆಯ ಅಂಗಡಿ ಹುಡುಗ ಕೇಸಿನೊಳಗೆ ಇಣುಕಿ
"ಅಣ್ಣಾ, ಇದನ್ನ ಬಿಡಿ, ಹೊಸದೇ ತಗೊಳ್ಳಿ" ಅಂದ,
ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ.

ಜಬ್ಬಾರ್ ಮೇಸ್ತ್ರಿಗೆ ಕಂಪ್ಯೂಟರಿನ ಗಂಧಗಾಳಿ ಇಲ್ಲ.
ಆದರೂ ಟೀ ಹೀರುತ್ತಾ ಹೇಳಿದರು:
"ಗಾಡಿ ಎಳೀತಿಲ್ಲ ಅಂದ ತಕ್ಷಣ ಇಂಜಿನ್ ಬಿಚ್ಚಬೇಡ್ವೋ.
ಏನು ತಡೀತಿದೆ ನೋಡು.
ಫಿಲ್ಟರ್ರೋ, ಪಂಪೋ, ಚಕ್ರಕ್ಕೆ ಕಚ್ಚಿದ ಬ್ರೇಕೋ.
ಅದೊಂದನ್ನ ಬಿಡಿಸು. ಆಮೇಲೆ ಇನ್ನೊಂದು ತಡೀತದೆ.
ತಡೀಲಿ, ನಾವು ಇರೋದು ಯಾಕೆ?"

ಬಿಚ್ಚಿದೆ.
ಹೀಟ್‌ಸಿಂಕಿನ ಸಂದಿಯಲ್ಲಿ ಹತ್ತು ವರ್ಷದ ಕೆಫೆ:
ಧೂಳು, ಯಾರದೋ ಉದ್ದ ಕೂದಲು, ಬಸ್ ಟಿಕೇಟಿನ ಚೂರು,
ಹಲ್ಲಿಯ ಎರಡು ಒಣ ಮೊಟ್ಟೆ.
ಟೈರಿಗೆ ಹೊಡೆಯುವ ಗಾಳಿಯ ಪೈಪು ಹಿಡಿದೆ;
ಅರ್ಧ ನಿಮಿಷ ಗ್ಯಾರೇಜಿನಲ್ಲಿ ಯಾರ ಮುಖ ಯಾರಿಗೂ ಇಲ್ಲ.
ಸುಣ್ಣವಾಗಿದ್ದ ಪೇಸ್ಟು ಕೆರೆದು
ಅಕ್ಕಿಕಾಳಿನಷ್ಟು ಹೊಸದು ಇಟ್ಟೆ.

ರ್‍ಯಾಮು ಎಂಟು ಜಿಬಿ, ಯಾರೋ ಬಳಸಿದ್ದು, ಏಳುನೂರು.
ಚೌಕಾಸಿ ಮಾಡಿದ ಮೇಲೆ ಆರುನೂರೈವತ್ತು.
ಎಸ್‌ಎಸ್‌ಡಿ ಮಾತ್ರ ಹೊಸದೇ; ಅದರಲ್ಲಿ ಜಿಪುಣತನ ಬೇಡ ಅಂತ
ನನಗೆ ನಾನೇ ಭಾಷಣ ಬಿಗಿದೆ.
ಕರೆಂಟು ಹಂಚುವ ಡಬ್ಬಿಗೆ ವಯಸ್ಸಾಗಿದೆ,
ಹೊಟ್ಟೆಬಾಕ ಕಾರ್ಡು ಹಾಕಿದರೆ ಅಲ್ಲಿಗೆ ಗೋವಿಂದ.
ಕಡಿಮೆ ಉಣ್ಣುವಂಥದೇ ಬೇಕಿತ್ತು.
ಅದು ಇದ್ದದ್ದು ಭದ್ರಾವತಿಯ ಹಾಲೇಶನ ಹತ್ತಿರ.

ಹಾಲೇಶ ಮದುವೆ ವಿಡಿಯೊ ಎಡಿಟ್ ಮಾಡುವವನು.
ಆರು ವರ್ಷ ಈ ಕಾರ್ಡೇ ಅಕ್ಷತೆಯನ್ನು
ಗಾಳಿಯಲ್ಲಿ ತಡೆದು ನಿಲ್ಲಿಸಿತ್ತಂತೆ,
ತಾಳಿಯ ಮೇಲೆ ನಕ್ಷತ್ರ ಮಿನುಗಿಸಿತ್ತಂತೆ,
ಎರಡೂ ಕಡೆಯ ಬೀಗರಿಗೆ ಒಂದೇ ಬಿಳುಪು ಬಳಿದಿತ್ತಂತೆ.
"ಈಗ ಎಲ್ಲರಿಗೂ ಮೂವತ್ತು ಸೆಕೆಂಡಿನ ರೀಲು ಸಾಕು,
ಅದು ಫೋನಲ್ಲೇ ಆಗುತ್ತೆ"
ಅಂತ ಹಳೇ ಬನಿಯನ್ನಿನಲ್ಲಿ ಸುತ್ತಿ ಕೊಟ್ಟ. ನಾಲ್ಕು ಸಾವಿರ.
ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದೆ.
ಪಕ್ಕದ ಅಜ್ಜಿ ಕೇಳಿದಳು, "ಏನಪ್ಪಾ, ಮೊಲದ ಮರಿಯಾ?"

ಮನೆಗೆ ಬಂದರೆ ಕಾರ್ಡು ಅರ್ಧ ಇಂಚು ಉದ್ದ.
ಹಾರ್ಡ್ ಡಿಸ್ಕಿನ ಗೂಡನ್ನು ಹ್ಯಾಕ್ಸಾದಲ್ಲಿ ಕೊಯ್ದೆ.
ಬದಿಯ ಬಾಗಿಲು ಮತ್ತೆ ಮುಚ್ಚಲಿಲ್ಲ.
ಗಾಳಿಯಾದರೂ ಆಡಲಿ.

ಐವತ್ತೆರಡು!
ಮೊದಲ ಸಲ ವೈರಿ ನಡೆದು ಬಂದ.
ನಡೆಯುವಾಗ ಅವನ ಹೆಗಲಿನ ಚೀಲ ಅಲ್ಲಾಡುತ್ತದೆ.
ನಾನು ಇನ್ನೂರು ಸಲ ದಾಟಿದ್ದ ಹೊಳೆ
ಅಲ್ಲಿಯವರೆಗೆ ನೀಲಿ ತಗಡು;
ಈಗ ಅದರಲ್ಲಿ ಮೋಡ, ತಲೆಕೆಳಗಾದ ಮರ,
ಕಲ್ಲಿಗೆ ತಾಗಿ ನೀರು ಸೀಳುವ ಗೆರೆ.
ಬಂದೂಕು ಇಳಿಸಿ ನೋಡುತ್ತಾ ನಿಂತೆ.
ಹಿಂದಿನಿಂದ ಯಾವನೋ ಹೊಡೆದ. ಹೊಡೀಲಿ.

ಮೇಸ್ತ್ರಿ ಹೇಳಿದಂತೆ ಈಗ ಪ್ರೊಸೆಸರ್ ತಡೆಯುತ್ತಿದೆ,
ಆಟದ ಪೇಟೆಯೊಳಗೆ ಕಾಲಿಟ್ಟರೆ ಏದುಸಿರು.
ಜೇಬಿನಲ್ಲಿ ಇನ್ನೂರ ಹತ್ತು ರೂಪಾಯಿ.
ಆ ಮಾತು ಮುಂದಿನ ಬೋನಸ್ಸಿಗೆ.

ರಾತ್ರಿ ಒಂದಕ್ಕೆ ಕಾರ್ಡು ಸಣ್ಣಗೆ ಕೊರಗತೊಡಗಿತು.
ಹಾಲೇಶನಿಗೆ ಮೆಸೇಜು ಹಾಕಿದೆ. ಎಚ್ಚರ ಇದ್ದ:
"ಬಿಸಿಯಾದ್ರೆ ಅಳುತ್ತೆ ಅದು. ಫ್ಯಾನಿನ ಬೇರಿಂಗು.
ಹೆಣ್ಣೊಪ್ಪಿಸೋ ಸೀನು ಬಂದಾಗೆಲ್ಲ ಅಳ್ತಿತ್ತು,
ನಾನು ಅಡ್ಜಸ್ಟ್ ಆಗಿದ್ದೆ.
ಹೊಲಿಗೆ ಮಿಷನ್ನಿನ ಎಣ್ಣೆ, ಒಂದೇ ಹನಿ. ಜಾಸ್ತಿ ಬೇಡ."

ಅಕ್ಕನ ಮಿಷನ್ನಿನ ಡ್ರಾಯರು ತಡಕಿದೆ. ಎಣ್ಣೆ ಸಿಕ್ಕಿತು.
ಹೊಸ ಜಾಗ.
ಇವತ್ತೊಂದು ರಾತ್ರಿ ಅಳಲಿ ಅಂತ ಬಿಟ್ಟೆ.